ಎಂಐಟಿಯ ಕಪ್ಪು ಜನರ ಚರಿತ್ರೆ: ಕಡತದಲ್ಲಿ ಕಾಣದವರನ್ನು ಹುಡುಕುವುದು ಹೇಗೆ?

2024ರ ಆಗಸ್ಟ್‌ನಲ್ಲಿ ಅಮೆರಿಕದ ಎಂಐಟಿ ತನ್ನ ಹೊಸ ಬ್ಯಾಚಿನ ಲೆಕ್ಕ ಹೊರಬಿಟ್ಟಿತು. ಕಪ್ಪು ವಿದ್ಯಾರ್ಥಿಗಳ ಪಾಲು ಶೇ 5. ಅದಕ್ಕೂ ಹಿಂದಿನ ಕೆಲವು ಬ್ಯಾಚುಗಳಲ್ಲಿ ಸರಾಸರಿ ಶೇ 13 ಇತ್ತು. ಇದೇ ಬ್ಯಾಚಿನಲ್ಲಿ ಏಷ್ಯನ್ ಅಮೆರಿಕನ್ನರ ಪಾಲು ಶೇ 47 ಮುಟ್ಟಿತು. ಅಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳೂ ಈ 47ರೊಳಗೇ ಬರುತ್ತಾರೆ. ಹಾಗಾಗಿ ಅಮೆರಿಕದ ಕನ್ನಡ ಮನೆಗಳಿಗೆ ಇದು ಯಾರದೋ ಸುದ್ದಿ ಅಲ್ಲ.

ಸುದ್ದಿ ಓದಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಈ 13 ಎಲ್ಲಿಂದ ಬಂತು? ಯಾವಾಗ ಸೊನ್ನೆ ಇತ್ತು? ಮೊದಲು ಬಂದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಎಲ್ಲೋ ಒಂದು ಫೈಲಿನಲ್ಲಿ ರೆಡಿ ಇರಲಿಲ್ಲ. ಅದನ್ನು ಕೆಲವರು ಕೂತು, ಹುಡುಕಿ, ಕೇಳಿ, ತಾಳೆ ನೋಡಿ ಕಟ್ಟಬೇಕಾಯಿತು. ಆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದೇ ಈ ಲೇಖನ.

ಮೊದಲು ಒಂದಿಷ್ಟು ಹಿನ್ನೆಲೆ

ನಮ್ಮ ಕಡೆ ಎಂಐಟಿ ಅಂದ ತಕ್ಷಣ ಮಣಿಪಾಲ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಬಗ್ಗೆ. ಬಾಸ್ಟನ್‌ನಲ್ಲಿ ಶುರುವಾಗಿ 1916ರಲ್ಲಿ ನದಿಯಾಚೆಯ ಕೇಂಬ್ರಿಡ್ಜಿಗೆ ಹೋದ ಸಂಸ್ಥೆ ಅದು. ಅದಕ್ಕೆ ಸರ್ಕಾರದ ಮಂಜೂರಾತಿ ಸಿಕ್ಕಿದ್ದು 1861ರ ಏಪ್ರಿಲ್ 10ರಂದು. ಎರಡೇ ದಿನ ಕಳೆದು ಏಪ್ರಿಲ್ 12ರಂದು ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿ ಇರಬೇಕೋ ಬೇಡವೋ ಅನ್ನುವುದೇ ಆ ಯುದ್ಧದ ಬೇರು. ಹೀಗಾಗಿ ಪಾಠಗಳು ಶುರುವಾಗುವ ಹೊತ್ತಿಗೆ 1865 ಬಂದಿತ್ತು. ಆ ವರ್ಷವೇ ಯುದ್ಧವೂ ಮುಗಿಯಿತು. ಅದೇ ವರ್ಷ ಸಂವಿಧಾನ ತಿದ್ದುಪಡಿಯಾಗಿ ಗುಲಾಮಗಿರಿಯೂ ಕಾನೂನಿನ ಪ್ರಕಾರ ಕೊನೆಯಾಯಿತು.

ಈ ತಾರೀಕುಗಳನ್ನು ಸುಮ್ನೆ ಹೇಳುತ್ತಿಲ್ಲ. ಹಾರ್ವರ್ಡ್‌ನಂಥ ಹಳೆಯ ವಿಶ್ವವಿದ್ಯಾಲಯಗಳು ಗುಲಾಮಗಿರಿಯ ಕಾಲದಲ್ಲೇ ಇದ್ದವು. ಜಾರ್ಜ್‌ಟೌನ್ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದ ಜೆಸ್ಯೂಟ್ ಪಾದ್ರಿಗಳಂತೂ 1838ರಲ್ಲಿ 272 ಜನರನ್ನು ಮಾರಿದ್ದರು. ಆ ದುಡ್ಡಿನಲ್ಲಿ ಒಂದು ಪಾಲು ಸಂಸ್ಥೆಯ ಸಾಲಕ್ಕೆ ಹೋಯಿತು. ಎಂಐಟಿ ಮಾತ್ರ ಆ ಕಾಲ ಮುಗಿದ ಮೇಲೆ ಬಂದ ಸಂಸ್ಥೆ, ಯಂತ್ರ ಮತ್ತು ಗಣಿತದ ಜಾಗ, ಇಲ್ಲಿ ಆ ಕಥೆಗೆ ಏನು ಕೆಲಸ ಅಂತ ಯಾರಾದರೂ ಅಂದುಕೊಂಡರೆ ಆಶ್ಚರ್ಯವಿಲ್ಲ. ಆ ಎಣಿಕೆ ಎಷ್ಟು ಸರಿ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳೋಣ. ಅಮೆರಿಕದ ‘ಅಫರ್ಮೇಟಿವ್ ಆಕ್ಷನ್’ ನಮ್ಮ ಮೀಸಲಾತಿಯ ಹಾಗಲ್ಲ. ಇಂತಿಷ್ಟು ಸೀಟು ಅಂತ ಎತ್ತಿಡುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲೇ ತಳ್ಳಿಹಾಕಿತ್ತು. ಅಂಕ, ಪ್ರಬಂಧ, ಆಸಕ್ತಿ ಇವುಗಳ ಜೊತೆ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದು ಅಂತಷ್ಟೇ ಬಿಟ್ಟಿತ್ತು. 2023ರ ಜೂನ್‌ನಲ್ಲಿ ಅದಕ್ಕೂ ತಡೆ ಬಿತ್ತು. ಶೇ 5ರ ಲೆಕ್ಕ ಬಂದಿದ್ದು ಆ ತೀರ್ಪಿನ ನಂತರದ ಮೊದಲ ಬ್ಯಾಚಿನದು.

ಕಡತ ಯಾಕೆ ಎಲ್ಲವನ್ನೂ ಹೇಳಲ್ಲ

ಆರ್ಕೈವ್ ಅಂದರೆ ಸಂಸ್ಥೆಯ ಹಳೆಯ ಕಾಗದಪತ್ರಗಳನ್ನು ಜೋಪಾನ ಮಾಡುವ ಜಾಗ. ಪತ್ರ, ಸಭೆಯ ನಡಾವಳಿ, ದಾಖಲಾತಿ ಪುಸ್ತಕ, ವಾರ್ಷಿಕ ಸಂಚಿಕೆ, ಫೋಟೊ ಎಲ್ಲ ಅಲ್ಲಿರುತ್ತವೆ. ಏನನ್ನು ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸಿದವರು ಆಯಾ ಕಾಲದ ಅಧಿಕಾರದಲ್ಲಿದ್ದವರು. ಅವರಿಗೆ ಮುಖ್ಯ ಅನ್ನಿಸಿದ್ದು ಉಳಿಯಿತು.

ನಮ್ಮ ಮದುವೆ ಆಲ್ಬಮ್ ಇದ್ದ ಹಾಗೆ ಇದು. ಗಂಡು-ಹೆಣ್ಣು, ಬೀಗರು, ಬಂದ ಗಣ್ಯರು ಎಲ್ಲ ಪುಟಗಳಲ್ಲೂ ಇರುತ್ತಾರೆ. ಅಡುಗೆ ಮಾಡಿದವರು, ಎಲೆ ಎತ್ತಿದವರು ಇರಲ್ಲ. ಆಲ್ಬಮ್ ಸುಳ್ಳು ಹೇಳಿಲ್ಲ. ಆದರೆ ಅದೊಂದನ್ನೇ ನೋಡಿದವರಿಗೆ ಊಟ ತಾನಾಗಿಯೇ ಎಲೆಗೆ ಬಿತ್ತು ಅನ್ನಿಸಬಹುದು.

ವಿಶ್ವವಿದ್ಯಾಲಯದ ಕಡತದಲ್ಲಿ ಇನ್ನೂ ಒಂದು ತೊಡಕಿದೆ. ಹಳೆಯ ಪಟ್ಟಿಯಲ್ಲಿ ವಿದ್ಯಾರ್ಥಿಯ ಹೆಸರು, ಊರು, ವಿಭಾಗ ಸಿಗುತ್ತದೆ. ಆತ ಕಪ್ಪು ವರ್ಣದವನೋ ಅಲ್ಲವೋ ಅಂತ ಹೆಸರಿನಿಂದ ತಿಳಿಯಲು ಆಗಲ್ಲ. ರಾಬರ್ಟ್ ಟೇಲರ್ ಅನ್ನುವ ಹೆಸರು ಯಾರದ್ದೂ ಆಗಬಹುದು. ಹಾಗಾಗಿ ಸಂಶೋಧಕರು ಒಂದಕ್ಕೊಂದು ಜೋಡಿಸುತ್ತಾ ಹೋಗಬೇಕು. ವಾರ್ಷಿಕ ಸಂಚಿಕೆಯ ಫೋಟೊ ಒಂದು ಸುಳಿವು. ಆತನ ಊರಿನ ಜನಗಣತಿ ಪುಸ್ತಕ ಇನ್ನೊಂದು, ಅದರಲ್ಲಿ ವರ್ಣದ ಕಾಲಂ ಇರುತ್ತದೆ. ಕಪ್ಪು ಸಮುದಾಯದ ಪತ್ರಿಕೆಗಳು ಮತ್ತೊಂದು. ‘ನಮ್ಮೂರ ಹುಡುಗ ದೊಡ್ಡ ಕಾಲೇಜು ಸೇರಿದ’ ಅನ್ನುವ ಸುದ್ದಿಯನ್ನು ಅವು ಬಿಡುತ್ತಿರಲಿಲ್ಲ.

ಫೋಟೊ ಒಂದನ್ನೇ ನಂಬುವ ಹಾಗೂ ಇಲ್ಲ. ಹಳೆಯ ಕಪ್ಪು-ಬಿಳುಪು ಚಿತ್ರದಲ್ಲಿ ಮೈಬಣ್ಣ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಬಣ್ಣ ತಿಳಿಯಾಗಿದ್ದ ಕೆಲವರು ತಾರತಮ್ಯದಿಂದ ಪಾರಾಗಲು ತಮ್ಮ ಗುರುತು ಹೇಳಿಕೊಳ್ಳದೆ ಬಿಳಿಯರಂತೆ ಬದುಕಿದ್ದೂ ಉಂಟು. ಅದಕ್ಕೇ ಎಚ್ಚರದ ಇತಿಹಾಸಕಾರರು ‘ಮೊದಲಿಗ’ ಅಂತ ಬರೆಯುವಾಗ ‘ಈವರೆಗೆ ತಿಳಿದಂತೆ’ ಅಂತ ಸೇರಿಸುತ್ತಾರೆ. ಓದುಗರಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕಾಣಬಹುದು. ನನ್ನ ಮಟ್ಟಿಗೆ, ಆ ಎರಡು ಪದ ಇದ್ದರೆ ಬರೆದವರನ್ನು ಸ್ವಲ್ಪ ಜಾಸ್ತಿ ನಂಬಬಹುದು.

1892ರ ಪದವೀಧರ

ಈವರೆಗೆ ತಿಳಿದಂತೆ ಎಂಐಟಿಯ ಮೊದಲ ಕಪ್ಪು ಪದವೀಧರ ರಾಬರ್ಟ್ ರಾಬಿನ್ಸನ್ ಟೇಲರ್. ಹುಟ್ಟಿದ್ದು 1868ರಲ್ಲಿ, ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ. ಅಪ್ಪ ಹೆನ್ರಿ ಟೇಲರ್ ಬಡಗಿ, ಮನೆ ಕಟ್ಟಿಸುವ ಕೆಲಸವನ್ನೂ ಹಿಡಿಯುತ್ತಿದ್ದವರು. ಮಗ ಅಪ್ಪನ ಹತ್ತಿರ ಕೆಲಸ ಕಲಿತು, 1888ರಲ್ಲಿ ಎಂಐಟಿಗೆ ವಾಸ್ತುಶಿಲ್ಪ ಓದಲು ಬಂದ. 1892ರಲ್ಲಿ ಪದವಿ ಮುಗಿಸಿದ.

ಕೊನೆಯ ವರ್ಷ ಆತ ಆರಿಸಿಕೊಂಡ ವಿಷಯ ವಯಸ್ಸಾದ ಸೈನಿಕರ ವಸತಿಗೃಹದ ವಿನ್ಯಾಸ. ಅಂತರ್ಯುದ್ಧದಲ್ಲಿ ಹೋರಾಡಿದವರು ಆ ಹೊತ್ತಿಗೆ ಮುದುಕರಾಗುತ್ತಿದ್ದರು. ಯುದ್ಧ ಮುಗಿದ ಮೂರೇ ವರ್ಷಕ್ಕೆ ಹುಟ್ಟಿದ ಹುಡುಗ, ಅದೂ ಗುಲಾಮರ ವಂಶದ ಹುಡುಗ, ಆ ಸೈನಿಕರಿಗೆ ಮನೆಯ ನಕ್ಷೆ ಬರೆದ. ಅವನ ಮನಸ್ಸಿನಲ್ಲಿ ಏನಿತ್ತೋ ನಕ್ಷೆ ಹೇಳುವುದಿಲ್ಲ. ಆದರೂ ವಿಷಯದ ಆಯ್ಕೆಯೇ ಒಂದು ದಾಖಲೆ ಅಲ್ವಾ?

ಓದು ಮುಗಿಸಿದವನನ್ನು ಬುಕರ್ ಟಿ. ವಾಷಿಂಗ್ಟನ್ ಅಲಬಾಮಾದ ಟಸ್ಕೆಗೀಗೆ ಕರೆಸಿಕೊಂಡರು. ಕಪ್ಪು ವಿದ್ಯಾರ್ಥಿಗಳಿಗಾಗಿ ಅವರು ನಡೆಸುತ್ತಿದ್ದ ಸಂಸ್ಥೆ ಅದು. ಕಟ್ಟಡಗಳಿಗೆ ಇಟ್ಟಿಗೆ ಸುಟ್ಟವರೂ ಗೋಡೆ ಕಟ್ಟಿದವರೂ ಅಲ್ಲಿನ ವಿದ್ಯಾರ್ಥಿಗಳೇ. ನಕ್ಷೆ ಟೇಲರ್‌ದು. ವಾಷಿಂಗ್ಟನ್ ಅವರ ಮನೆ ‘ದಿ ಓಕ್ಸ್’, ಸಂಸ್ಥೆಯ ಚಾಪೆಲ್ ಎಲ್ಲ ಹೀಗೆ ಎದ್ದವು. ಎಂಐಟಿಯ ಮಂಜೂರಾತಿಗೆ 50 ವರ್ಷ ತುಂಬಿದಾಗ, 1911ರಲ್ಲಿ, ಟೇಲರ್ ಅಲ್ಲಿಗೆ ಹೋಗಿ ಭಾಷಣ ಮಾಡಿದರು. ಎಂಐಟಿಯ ಕಲಿಕೆಯ ಕ್ರಮ ಟಸ್ಕೆಗೀಯ ಕಾರ್ಯಾಗಾರಗಳಲ್ಲಿ ಹೇಗೆ ಬೇರೂರಿದೆ ಅನ್ನುವುದು ಆ ಮಾತಿನ ತಿರುಳು. 1942ರಲ್ಲಿ, ತಾವೇ ಕಟ್ಟಿಸಿದ ಚಾಪೆಲ್‌ಗೆ ಹೋಗಿದ್ದಾಗ ಕುಸಿದುಬಿದ್ದು ತೀರಿಕೊಂಡರು. 2015ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪು ಹೊರತಂದಿತು.

ಒಬ್ಬ ಟೇಲರ್ ಬಗ್ಗೆ ಇಷ್ಟು ಗೊತ್ತಿರುವುದಕ್ಕೆ ಕಾರಣ ಇದೆ. ಅವರು ಕಟ್ಟಡ ಕಟ್ಟಿದರು, ಭಾಷಣ ಅಚ್ಚಾಯಿತು, ಟಸ್ಕೆಗೀ ಅವರ ಕಾಗದಪತ್ರ ಇಟ್ಟುಕೊಂಡಿತು. ಓದಿ ಹೊರಟುಹೋಗಿ ಸಣ್ಣ ಕೆಲಸ ಹಿಡಿದವರ ಬಗ್ಗೆ, ಅರ್ಧಕ್ಕೆ ಬಿಟ್ಟವರ ಬಗ್ಗೆ ಇಂಥ ಅನುಕೂಲ ಇರಲ್ಲ. 1933ರಲ್ಲಿ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದ ಮ್ಯಾರನ್ ಫೋರ್ಟ್ ಹೆಸರನ್ನೂ ಎಷ್ಟು ಜನ ಕೇಳಿದ್ದಾರೆ ಹೇಳಿ.

ಕೇಳಿ ಬರೆದ ಇತಿಹಾಸ

ಕಾಗದ ಮೌನವಾದ ಕಡೆ ಮನುಷ್ಯರನ್ನೇ ಕೇಳಬೇಕು. ಬದುಕಿರುವವರ ನೆನಪನ್ನು ಕ್ರಮಬದ್ಧವಾಗಿ ಕೇಳಿ, ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಮುಂದಿನವರಿಗೆ ಸಿಗುವ ಹಾಗೆ ಇಡುವುದಕ್ಕೆ ಮೌಖಿಕ ಇತಿಹಾಸ ಅನ್ನುತ್ತಾರೆ. ಪತ್ರಿಕೆಯ ಸಂದರ್ಶನಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಪತ್ರಕರ್ತರಿಗೆ ನಾಳೆಗೆ ಬೇಕಾದ ನಾಲ್ಕು ಮಾತು ಸಾಕು. ಇಲ್ಲಿ ಬಾಲ್ಯದಿಂದ ಹಿಡಿದು ಪೂರ್ತಿ ಕೇಳುತ್ತಾರೆ.

ಎಂಐಟಿಯಲ್ಲಿ ಈ ಕೆಲಸ ಹೊತ್ತವರು ಕ್ಲಾರೆನ್ಸ್ ವಿಲಿಯಮ್ಸ್. 1972ರಲ್ಲಿ ಸ್ನಾತಕೋತ್ತರ ವಿಭಾಗದ ಸಹಾಯಕ ಡೀನ್ ಆಗಿ ಬಂದು, ಆಮೇಲೆ ಸಂಸ್ಥೆಯ ಅಧ್ಯಕ್ಷರ ವಿಶೇಷ ಸಹಾಯಕರಾದರು. ಯಾರಿಗೆ ಏನು ತೊಂದರೆ ಆದರೂ ಬಂದು ಹೇಳಿಕೊಳ್ಳುತ್ತಿದ್ದ ಕುರ್ಚಿ ಅವರದು. ಈ ಕೆಲಸಕ್ಕೆ ಇಂಥವರೇ ಬೇಕಿತ್ತು ಅನ್ನಬಹುದು, ಯಾಕೆಂದರೆ ಪರಿಚಯವಿಲ್ಲದವರ ಮುಂದೆ ಜನ ಬಾಯಿ ಬಿಡಲ್ಲ. 1995ರಲ್ಲಿ ಅವರು ಎಂಐಟಿಯ ಕಪ್ಪು ಚರಿತ್ರೆಯ ಯೋಜನೆ ಶುರುಮಾಡಿದರು. 2001ರಲ್ಲಿ ಎಂಐಟಿ ಪ್ರೆಸ್ ಹೊರತಂದ ದಪ್ಪ ಪುಸ್ತಕದಲ್ಲಿ 75ಕ್ಕೂ ಹೆಚ್ಚು ಸಂದರ್ಶನಗಳಿವೆ. 1941ರಿಂದ 1999ರವರೆಗಿನ ಅನುಭವ ಅದರಲ್ಲಿದೆ. ವಿದ್ಯಾರ್ಥಿಗಳೇ ಜಾಸ್ತಿ. ಜೊತೆಗೆ ಅಧ್ಯಾಪಕರು, ಸಿಬ್ಬಂದಿ, ಕಪ್ಪು ವಿದ್ಯಾರ್ಥಿಗಳ ಬದುಕಿನ ಮೇಲೆ ಪ್ರಭಾವ ಬೀರಿದ ಬಿಳಿಯರೂ ಇದ್ದಾರೆ.

ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳು. ಮನೆ ಹೇಗಿತ್ತು, ಎಲ್ಲಿ ಓದಿದಿರಿ, ದಾರಿ ತೋರಿಸಿದವರು ಯಾರು, ಎಂಐಟಿಗೆ ಹೊಂದಿಕೊಳ್ಳಲು ಏನು ಕಷ್ಟವಾಯಿತು, ಜನಾಂಗ ತಾರತಮ್ಯ ಎದುರಾಯಿತಾ, ಅಲ್ಲಿನ ಅತಿ ಒಳ್ಳೆಯ ಅನುಭವ ಯಾವುದು, ಅತಿ ಕೆಟ್ಟದ್ದು ಯಾವುದು. ಕೊನೆಗೆ ಮುಂದೆ ಬರುವ ವಿದ್ಯಾರ್ಥಿಗಳಿಗೆ ಏನು ಹೇಳುತ್ತೀರಿ, ಎಂಐಟಿಗೆ ಏನು ಹೇಳುತ್ತೀರಿ. ಒಂದೇ ಪ್ರಶ್ನೆಯನ್ನು 1940ರ ದಶಕದಲ್ಲಿ ಓದಿದವರಿಗೂ 1990ರ ದಶಕದವರಿಗೂ ಕೇಳಿದರೆ ಏನು ಬದಲಾಗಿದೆ, ಏನು ಹಾಗೇ ಇದೆ ಅಂತ ಅಳೆಯಬಹುದು. ಪ್ರಯೋಗಾಲಯದಲ್ಲಿ ಒಂದು ಅಂಶವನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಡುತ್ತಾರಲ್ಲ, ಅದೇ ಶಿಸ್ತು.

ನೆನಪನ್ನು ಹಾಗೇ ನಂಬಬಹುದಾ? ಇಲ್ಲ. ವರ್ಷ ಹಿಂದೆಮುಂದೆ ಆಗುತ್ತದೆ, ಬೇರೆಯವರ ಮಾತು ತಮ್ಮದಾಗುತ್ತದೆ. ಅದಕ್ಕೇ ತಾಳೆ ನೋಡುತ್ತಾರೆ. ಒಬ್ಬರು ಹೇಳಿದ ಸಭೆ ನಡೆದದ್ದು ನಿಜವಾ ಅಂತ ವಿದ್ಯಾರ್ಥಿ ಪತ್ರಿಕೆಯಲ್ಲಿ ಹುಡುಕುತ್ತಾರೆ. ಅದೇ ಕೋಣೆಯಲ್ಲಿದ್ದ ಇನ್ನೊಬ್ಬರನ್ನು ಬೇರೆಯಾಗಿ ಕೇಳುತ್ತಾರೆ. ಇಬ್ಬರ ಮಾತು ಕೂಡದಿದ್ದರೆ ಎರಡನ್ನೂ ಇಡುತ್ತಾರೆ. ಮಾತಾಡಿದವರ ಲಿಖಿತ ಒಪ್ಪಿಗೆ ಇಲ್ಲದೆ ಯಾವುದನ್ನೂ ಹೊರಗೆ ಬಿಡುವುದಿಲ್ಲ.

ಒಬ್ಬ ಹುಡುಗಿ, ಒಂದು ಹೋಮ್‌ವರ್ಕ್

ಈ ವಿಧಾನದಿಂದ ಏನು ಸಿಗುತ್ತದೆ ಅನ್ನುವುದಕ್ಕೆ ಶರ್ಲಿ ಆನ್ ಜಾಕ್ಸನ್ ಅವರ ಉದಾಹರಣೆ ಸಾಕು. ವಾಷಿಂಗ್ಟನ್ ಡಿ.ಸಿ.ಯಲ್ಲಿ ಹೈಸ್ಕೂಲಿಗೇ ಮೊದಲಿಗರಾಗಿ 1964ರಲ್ಲಿ ಎಂಐಟಿ ಸೇರಿದವರು. ಆ ಬ್ಯಾಚಿನಲ್ಲಿ ಇದ್ದ ಕಪ್ಪು ಹುಡುಗಿಯರು ಇಬ್ಬರೇ. ಅಧಿಕೃತ ಕಡತ ಹೇಳುವುದು ಇಷ್ಟು: 1968ರಲ್ಲಿ ಪದವಿ, 1973ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್, ಎಂಐಟಿಯಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಮಹಿಳೆ.

ಅವರು ಸ್ವತಃ ಹೇಳಿದ್ದು ಬೇರೆ. ಮೊದಲ ವರ್ಷ ಹಾಸ್ಟೆಲಿನಲ್ಲಿ ಹುಡುಗಿಯರೆಲ್ಲ ಒಟ್ಟಿಗೆ ಕೂತು ಭೌತವಿಜ್ಞಾನದ ಹೋಮ್‌ವರ್ಕ್ ಮಾಡುತ್ತಿದ್ದರು. ಇವರೂ ಹಾಳೆ ಹಿಡಿದು ಹೋದರು. ಹೋಗು ಅಂದರು. ತನ್ನ ಲೆಕ್ಕ ಅರ್ಧ ಆಗಿದೆ, ಉಳಿದದ್ದೂ ಗೊತ್ತು ಅಂತ ಹೇಳಿದರೂ ಸೇರಿಸಿಕೊಳ್ಳಲಿಲ್ಲ. ಕಪ್ಪು ಹುಡುಗಿಯರು ಏನಾದರೂ ಕಸುಬು ಕಲಿಯುವುದು ಒಳ್ಳೆಯದು ಅಂತ ಒಬ್ಬ ಪ್ರೊಫೆಸರ್ ಬುದ್ಧಿಮಾತು ಹೇಳಿದ್ದನ್ನೂ ಅವರು ನೆನಪಿಸಿಕೊಂಡಿದ್ದಾರೆ. ಇದ್ಯಾವುದೂ ಯಾವ ನಡಾವಳಿಯಲ್ಲೂ ದಾಖಲಾಗುವಂಥದ್ದಲ್ಲ. ಅಂಕಪಟ್ಟಿಯಲ್ಲಿ ಕಾಣುವುದು ಅಂಕ ಮಾತ್ರ. ಗುಂಪಿನಲ್ಲಿ ಚರ್ಚಿಸಿ ಬಂದ ಅಂಕವೋ, ಒಬ್ಬಳೇ ಕೂತು ಗುದ್ದಾಡಿ ಬಂದ ಅಂಕವೋ ಅಂತ ಅದಕ್ಕೆ ಗೊತ್ತಿಲ್ಲ.

1968ರ ಏಪ್ರಿಲ್‌ನಲ್ಲಿ ಅವರು ಫಿಲಡೆಲ್ಫಿಯಾದಲ್ಲಿದ್ದರು. ಮುಂದಿನ ಓದಿಗೆ ಅಲ್ಲಿನ ವಿಶ್ವವಿದ್ಯಾಲಯ ನೋಡಲು ಹೋಗಿದ್ದು. ವಿಮಾನ ನಿಲ್ದಾಣಕ್ಕೆ ವಾಪಸ್ ಹೊರಟಾಗ ಕಾರಿನ ರೇಡಿಯೊದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುಂಡು ಹೊಡೆದ ಸುದ್ದಿ ಬಂತು. ಎಂಐಟಿಯಲ್ಲೇ ಉಳಿದು ಅದನ್ನು ಬದಲಿಸಬೇಕು ಅಂತ ಆಗ ತೀರ್ಮಾನಿಸಿದರು. ಅವರ ಡಾಕ್ಟರೇಟ್ ಮಾರ್ಗದರ್ಶಕರಾದ ಜೇಮ್ಸ್ ಯಂಗ್ ಸಹ ಕಪ್ಪು ಭೌತವಿಜ್ಞಾನಿ. ಜಾಕ್ಸನ್ ಮುಂದೆ ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಅಧ್ಯಕ್ಷರಾದರು. 1999ರಿಂದ 2022ರವರೆಗೆ ರೆನ್ಸೆಲೇರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟನ್ನು ಮುನ್ನಡೆಸಿದರು.

ಸಂಖ್ಯೆ ಬದಲಾಗಿದ್ದು ಹೇಗೆ

1968ರವರೆಗೆ ಎಂಐಟಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆ. ಆ ವರ್ಷ ಅವರೇ ಸೇರಿ ಬ್ಲ್ಯಾಕ್ ಸ್ಟೂಡೆಂಟ್ಸ್ ಯೂನಿಯನ್ ಕಟ್ಟಿದರು. ಜಾಕ್ಸನ್ ಕೂಡ ಕಟ್ಟಿದವರಲ್ಲಿ ಒಬ್ಬರು. ಸಂಸ್ಥೆಯ ಮುಂದೆ ಬೇಡಿಕೆಗಳ ಪಟ್ಟಿ ಇಟ್ಟರು. ಸಂಸ್ಥೆ ಪಾಲ್ ಗ್ರೇ ಅಧ್ಯಕ್ಷತೆಯಲ್ಲಿ ಒಂದು ಕಾರ್ಯಪಡೆ ಮಾಡಿತು. ಈ ಗ್ರೇ ಮುಂದೆ 1980ರಲ್ಲಿ ಎಂಐಟಿಯ ಅಧ್ಯಕ್ಷರೇ ಆದರು. ಕಪ್ಪು ಮಕ್ಕಳಿರುವ ಹೈಸ್ಕೂಲುಗಳಿಗೆ ಹೋಗಿ ಅರ್ಜಿ ಹಾಕಿಸುವುದು ಒಂದು ಕೆಲಸ. ತರಗತಿ ಶುರುವಾಗುವ ಮುಂಚೆ ಬೇಸಿಗೆಯಲ್ಲೇ ಕರೆಸಿ ಗಣಿತ, ಭೌತವಿಜ್ಞಾನದ ತಯಾರಿ ಕೊಡುವುದು ಇನ್ನೊಂದು. 1969ರಲ್ಲಿ ಶುರುವಾದ ಈ ‘ಇಂಟರ್‌ಫೇಸ್’ ಕಾರ್ಯಕ್ರಮ ಬೇರೆ ಬೇರೆ ರೂಪದಲ್ಲಿ ದಶಕಗಳ ಕಾಲ ನಡೆಯಿತು.

ಇಲ್ಲಿ ನಮಗೂ ಒಂದು ಎಳೆ ಇದೆ. 1965ರವರೆಗೆ ಭಾರತದಿಂದ ಅಮೆರಿಕಕ್ಕೆ ವಲಸೆ ಹೋಗಲು ವರ್ಷಕ್ಕೆ ನೂರರ ಆಸುಪಾಸಿನ ಮಿತಿ ಇತ್ತು. ಯಾವ ದೇಶದವರು ಅನ್ನುವುದರ ಮೇಲೆ ಕಟ್ಟಿದ ಆ ಪದ್ಧತಿ ಬಿದ್ದುಹೋಗಿದ್ದು ಅದೇ ವರ್ಷದ ವಲಸೆ ಕಾನೂನಿನಿಂದ. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಎಬ್ಬಿಸಿದ ಗಾಳಿಯಲ್ಲೇ ಆ ಕಾನೂನೂ ಪಾಸಾಯಿತು. ನಮ್ಮ ಎಂಜಿನಿಯರುಗಳು, ಡಾಕ್ಟರುಗಳು ಅಲ್ಲಿ ನೆಲೆ ನಿಂತದ್ದು ಆಮೇಲೆ.

ಸಂಸ್ಥಾಪಕನ ಮನೆಯ ಲೆಕ್ಕ

ಗುಲಾಮಗಿರಿಗೂ ಎಂಐಟಿಗೂ ಏನು ಸಂಬಂಧ ಅನ್ನುವ ಪ್ರಶ್ನೆಗೆ ಈಗ ಬರೋಣ. 2017ರಲ್ಲಿ ಇತಿಹಾಸಕಾರ ಕ್ರೇಗ್ ಸ್ಟೀವನ್ ವೈಲ್ಡರ್ ಮತ್ತು ಆರ್ಕೈವಿಸ್ಟ್ ನೋರಾ ಮರ್ಫಿ ಒಂದು ತರಗತಿ ಶುರುಮಾಡಿದರು. ಪದವಿ ವಿದ್ಯಾರ್ಥಿಗಳೇ ಹಳೆಯ ಪೆಟ್ಟಿಗೆ ಬಿಚ್ಚಿ ಹುಡುಕಬೇಕು. 2018ರ ಫೆಬ್ರವರಿಯಲ್ಲಿ ಮೊದಲ ಹಂತದ ಫಲಿತಾಂಶ ಹೊರಬಂತು.

ಎಂಐಟಿಯ ಸಂಸ್ಥಾಪಕ ವಿಲಿಯಂ ಬಾರ್ಟನ್ ರೋಜರ್ಸ್ ಬಾಸ್ಟನ್‌ಗೆ ಬರುವ ಮುಂಚೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು. 1850ರ ಜನಗಣತಿಯಲ್ಲಿ ಅವರ ಹೆಸರಿನ ಕೆಳಗೆ ಆರು ಜನ ಗುಲಾಮರಿದ್ದರು.

ಆ ಹಾಳೆಯನ್ನು ಹತ್ತಿರದಿಂದ ನೋಡಬೇಕು. ಆ ವರ್ಷದ ಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಮೊದಲ ಕಾಲಂನಲ್ಲಿ ಮಾಲೀಕನ ಹೆಸರು. ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಸಾಲು: ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಓಡಿಹೋಗಿದ್ದರೆ ಅದಕ್ಕೊಂದು ಕಾಲಂ. ಅವರ ಹೆಸರಿಗೆ ಕಾಲಂ ಇಲ್ಲ. ದೇಶದಾದ್ಯಂತ ಕಪ್ಪು ಜನರೆಲ್ಲರ ಹೆಸರು ಜನಗಣತಿಯಲ್ಲಿ ಬಂದಿದ್ದು 1870ರಲ್ಲಿ. ತಮ್ಮ ವಂಶವೃಕ್ಷ ಹುಡುಕುವ ಕಪ್ಪು ಅಮೆರಿಕನ್ನರು ಈ 1870ನ್ನು ಗೋಡೆ ಅನ್ನುತ್ತಾರೆ. ಅದರಾಚೆ ಹೋಗಬೇಕಾದರೆ ಮಾಲೀಕರ ಉಯಿಲು, ಆಸ್ತಿ ಪಟ್ಟಿ, ಮಾರಾಟದ ರಸೀದಿಗಳನ್ನು ಜಾಲಾಡಬೇಕು. ವಯಸ್ಸು ಮತ್ತು ಲಿಂಗ ಹೊಂದಿಸಿ, ಈ ಸಾಲಿನವಳು ಆ ಪತ್ರದಲ್ಲಿ ಬರುವವಳೇ ಇರಬಹುದಾ ಅಂತ ಊಹೆ ಕಟ್ಟಿ, ಮತ್ತೆ ತಾಳೆ ನೋಡಬೇಕು.

ಇದು ಒಬ್ಬ ವ್ಯಕ್ತಿಯ ಮನೆಯ ವಿಷಯಕ್ಕೆ ನಿಲ್ಲಲ್ಲ. ಬಾಸ್ಟನ್ ಇರುವ, ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ದಕ್ಷಿಣದ ಗುಲಾಮರು ಬಿಡಿಸಿದ್ದು. ಅಂಥ ಕೈಗಾರಿಕೆಗಳಿಗೆ ತರಬೇತಾದ ಎಂಜಿನಿಯರುಗಳು ಬೇಕು ಅನ್ನುವ ಆಲೋಚನೆಯಲ್ಲೇ ಎಂಐಟಿ ಹುಟ್ಟಿದ್ದು.

ಬಾಹ್ಯಾಕಾಶಕ್ಕೆ ಹೋದವನ ಗ್ರಂಥಾಲಯ

ಕಾಗದವೂ ನೆನಪೂ ಜೊತೆಗೂಡಿದಾಗ ಏನಾಗುತ್ತದೆ ಅನ್ನುವುದಕ್ಕೆ ಕೊನೆಯದಾಗಿ ರೊನಾಲ್ಡ್ ಮೆಕ್‌ನೇರ್. ಅವರ ಲೇಸರ್ ಭೌತವಿಜ್ಞಾನದ ಪ್ರಬಂಧ 1976ರದ್ದು, ಎಂಐಟಿ ಗ್ರಂಥಾಲಯದಲ್ಲಿದೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದರು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟಿಸಿದಾಗ ಅದರಲ್ಲಿದ್ದರು. ಕ್ಯಾಂಪಸ್ಸಿನ 37ನೇ ಕಟ್ಟಡಕ್ಕೆ ಅವರ ಹೆಸರಿದೆ. ಇಷ್ಟು ಕಡತದಿಂದ ಸಿಗುತ್ತದೆ.

ಉಳಿದದ್ದು ಅವರ ಅಣ್ಣ ಕಾರ್ಲ್ ಹೇಳಿದ್ದು. 1959ರಲ್ಲಿ, ಒಂಬತ್ತು ವರ್ಷದ ರೊನಾಲ್ಡ್ ಸೌತ್ ಕ್ಯಾರೊಲಿನಾದ ಲೇಕ್ ಸಿಟಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಒಬ್ಬನೇ ಹೋದ. ಪುಸ್ತಕ ಆರಿಸಿ ಕೌಂಟರಿಗೆ ತಂದ. ಕಪ್ಪು ಹುಡುಗರಿಗೆ ಪುಸ್ತಕ ಕೊಡಲ್ಲ ಅಂದರು. ಹುಡುಗ ಕೌಂಟರ್ ಮೇಲೆ ಹತ್ತಿ ಕೂತ. ಪೊಲೀಸರನ್ನು ಕರೆಸಿದರು, ಅಮ್ಮನನ್ನೂ ಕರೆಸಿದರು. ಬಂದ ಪೊಲೀಸರಿಗೇ ಇದರಲ್ಲಿ ಏನು ತಪ್ಪು ಅಂತ ಗೊತ್ತಾಗಲಿಲ್ಲ. ಕೊನೆಗೆ ಅವನ ಕೈಗೆ ಪುಸ್ತಕ ಬಂತು. ಸಾಮಾನ್ಯರ ನೆನಪುಗಳನ್ನು ಮುದ್ರಿಸಿಡುವ ಸ್ಟೋರಿಕಾರ್ಪ್ಸ್ ಸಂಸ್ಥೆಯಲ್ಲಿ ಕಾರ್ಲ್ ಇದನ್ನು ಹೇಳಿದ್ದಾರೆ. ಆ ಗ್ರಂಥಾಲಯದ ಹಳೆಯ ಕಟ್ಟಡ ಈಗ ರೊನಾಲ್ಡ್ ಹೆಸರಿನ ವಸ್ತುಸಂಗ್ರಹಾಲಯ.

ವಿಲಿಯಮ್ಸ್ ಶುರುಮಾಡಿದ ಯೋಜನೆಯ ಸಂಗ್ರಹ ಈಗ ಅಂತರ್ಜಾಲದಲ್ಲೂ ಸಿಗುತ್ತದೆ. ಫೋಟೊ, ಪತ್ರ, ಸಂದರ್ಶನಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವ ಆಲೋಚನೆ ಇರುವವರು ರ‍್ಯಾಂಕಿಂಗ್ ಪಟ್ಟಿಗಳ ಜೊತೆ ಅದರಲ್ಲಿ ಎರಡು ಸಂದರ್ಶನಗಳನ್ನೂ ಓದಬಹುದು. ಹಾಸ್ಟೆಲು, ಲ್ಯಾಬು, ಗುಂಪಿನಲ್ಲಿ ಮಾಡುವ ಹೋಮ್‌ವರ್ಕು ಇವುಗಳ ಬಗ್ಗೆ ರ‍್ಯಾಂಕಿಂಗ್ ಪಟ್ಟಿಯಲ್ಲಿ ಏನೂ ಇರಲ್ಲ.